ತೀರ್ಪುಗಾರನ ಕುರ್ಚಿ ಖಾಲಿ ಬಿಟ್ಟ ಪೇಟೆ

ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡಕ್ಕೆ ದಾರಿ ಕೇಳಿದರೆ ಯಾರಾದರೂ ಮೊದಲು ಹೇಳುವುದು ಇಸಿಐಎಲ್ ಕ್ರಾಸ್ ರೋಡ್ಸ್ ಎಂದು. ಪಕ್ಕದ ಬಡಾವಣೆ ಎ.ಎಸ್. ರಾವ್ ನಗರ. ಒಂದು ಸರ್ಕಾರಿ ಉದ್ದಿಮೆಯ ಹೆಸರು ಬಸ್ಸಿನ ಬೋರ್ಡಿಗೂ, ಅದನ್ನು ಕಟ್ಟಿದ ವಿಜ್ಞಾನಿಯ ಹೆಸರು ಮನೆಯ ವಿಳಾಸಕ್ಕೂ ಏರಿದ ಊರು ನಮ್ಮಲ್ಲಿ ಹೆಚ್ಚಿಲ್ಲ. ಅಣುಶಕ್ತಿ ಇಲಾಖೆ 1967ರ ಏಪ್ರಿಲ್ 11ರಂದು ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾವನ್ನು, ಅಂದರೆ ಇಸಿಐಎಲ್ ಅನ್ನು, ಸ್ಥಾಪಿಸಿದಾಗ ಈ ದೇಶದಲ್ಲಿ ಕಂಪ್ಯೂಟರ್ ಎಂದರೆ ಬಹುಮಟ್ಟಿಗೆ ಐಬಿಎಂನಿಂದ ಬಾಡಿಗೆಗೆ ತರುವ ಯಂತ್ರವಾಗಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿಂದ ಟಿಡಿಸಿ-12, ಆಮೇಲೆ ಟಿಡಿಸಿ-312, ಟಿಡಿಸಿ-316 ಎಂಬ ದೇಶೀ ಕಂಪ್ಯೂಟರುಗಳು ಬಂದವು. ಅದೇ ಕಾರ್ಖಾನೆಯ ಇಸಿ ಟಿವಿಯನ್ನು ನೆನಪಿಟ್ಟುಕೊಂಡವರು ಬೀದರ್, ಕಲಬುರಗಿಯ ಹಳೆಯ ಮನೆಗಳಲ್ಲಿ ಇನ್ನೂ ಸಿಗುತ್ತಾರೆ. 1982ರಲ್ಲಿ ಕೇರಳದ ಪರವೂರಿನ ಐವತ್ತು ಮತಗಟ್ಟೆಗಳಲ್ಲಿ ಮೊದಲ ಸಲ ಬಳಕೆಯಾದ ಮತಯಂತ್ರವೂ ಇಸಿಐಎಲ್‌ನದೇ. ಕಾರ್ಖಾನೆ ಮುಚ್ಚಿಲ್ಲ, ಬೆಂಗಳೂರಿನ ಬಿಇಎಲ್ ಜೊತೆ ಮತಯಂತ್ರಗಳನ್ನು ಇಂದಿಗೂ ಮಾಡುತ್ತದೆ.

ಸೊರಗಿರುವುದು ಬೇರೆ. ಎಲೆಕ್ಟ್ರಾನಿಕ್ ಮಾಹಿತಿ ಸಾರ್ವಜನಿಕರ ಸೊತ್ತು, ಅದರ ದಾರಿಗಳನ್ನು ಕಟ್ಟುವುದೂ ಕಾಯುವುದೂ ಸರ್ಕಾರದ ಹೊಣೆ ಎಂಬ ತಿಳಿವಳಿಕೆ ಸೊರಗಿದೆ. ಇಸಿಐಎಲ್ ಕ್ರಾಸ್ ರೋಡ್ಸಿನ ತರಕಾರಿ ಗಾಡಿಯಿರಲಿ, ಬಸವಕಲ್ಯಾಣದ ಚಹಾ ಅಂಗಡಿಯಿರಲಿ, ದುಡ್ಡು ಬಂತೆಂದು ಕೂಗುವ ಸೌಂಡ್ ಬಾಕ್ಸ್ ಎಲ್ಲೆಡೆ ಇದೆ. ಆ ದುಡ್ಡು ಹರಿಯುವ ಯುಪಿಐ ಹಾದಿಯನ್ನು ಹಾಕಿದ್ದು ಲಾಭಕ್ಕಾಗಿ ನಡೆಯದ ರಾಷ್ಟ್ರೀಯ ಪಾವತಿ ನಿಗಮ, ಅದರ ಬೆನ್ನಿಗೆ ನಿಂತದ್ದು ರಿಸರ್ವ್ ಬ್ಯಾಂಕ್. ಆ ಹಾದಿಯಲ್ಲಿ ಹೋಗುವ ಪ್ರತಿ ನೂರು ವ್ಯವಹಾರಗಳಲ್ಲಿ ಸುಮಾರು ಎಂಬತ್ತು ಎರಡೇ ಆ್ಯಪ್‌ಗಳ ಮೂಲಕ ಸಾಗುತ್ತವೆ: ಫೋನ್‌ಪೇ ಮತ್ತು ಗೂಗಲ್ ಪೇ. ಒಂದರ ಒಡೆತನ ಅಮೆರಿಕದ ವಾಲ್‌ಮಾರ್ಟ್‌ನದು, ಇನ್ನೊಂದು ಅಮೆರಿಕದ ಗೂಗಲ್‌ನದು.

ಹೀಗಾಗುತ್ತದೆಂದು ಮೊದಲು ಯಾರೂ ಹೇಳಿರಲಿಲ್ಲ. ಹೇಳಿದ್ದು ಇದಕ್ಕೆ ತದ್ವಿರುದ್ಧ.

1987ರಲ್ಲಿ ಅಮೆರಿಕದ ಎಂಐಟಿಗೆ ಸೇರಿದ ಥಾಮಸ್ ಮಲೋನ್, ಜೋಆನ್ ಯೇಟ್ಸ್ ಹಾಗೂ ಅವರ ಜೊತೆಗಾರ ರಾಬರ್ಟ್ ಬೆಂಜಮಿನ್ ಎಂಬ ಮೂವರು ಎಲೆಕ್ಟ್ರಾನಿಕ್ ಮಾರುಕಟ್ಟೆಗಳ ಬಗ್ಗೆ ಒಂದು ಪ್ರಬಂಧ ಬರೆದರು. ಮುಂದಿನ ಹತ್ತಾರು ವರ್ಷ ಈ ವಿಷಯ ಮಾತಾಡಿದವರೆಲ್ಲ ಅದನ್ನು ಹಿಡಿದೇ ಮಾತಾಡಿದರು. ಮಾಹಿತಿ ಹುಡುಕುವ, ಹೋಲಿಸಿ ನೋಡುವ ಖರ್ಚು ಇಳಿದರೆ ದೊಡ್ಡ ಕಂಪನಿಗಳು ಎಲ್ಲವನ್ನೂ ಒಳಗೇ ಮಾಡಿಕೊಳ್ಳುವ ಬದಲು ಹೊರಗಿನ ಪೇಟೆಯಿಂದ ಕೊಳ್ಳತೊಡಗುತ್ತವೆ ಎಂಬುದು ಅವರ ಮೊದಲ ಮಾತು. ಎರಡನೆಯದು ಇನ್ನೂ ಕುತೂಹಲದ್ದು. ಎಲೆಕ್ಟ್ರಾನಿಕ್ ಪೇಟೆಯನ್ನು ಮೊದಲು ಕಟ್ಟುವವನು ಮಾರಾಟಗಾರನೇ ಆಗಿರುತ್ತಾನೆ, ಆದ್ದರಿಂದ ಶುರುವಿನಲ್ಲಿ ತಕ್ಕಡಿ ಅವನ ಕಡೆಗೇ ವಾಲಿರುತ್ತದೆ. ಆದರೆ ಕೊಳ್ಳುವವರ ಒತ್ತಾಯವೂ ಎದುರಾಳಿಗಳ ಒತ್ತಡವೂ ಕಾನೂನಿನ ಬಲವೂ ಸೇರಿ ಕ್ರಮೇಣ ಅದು ಪಕ್ಷಪಾತವಿಲ್ಲದ ಪೇಟೆಯಾಗುತ್ತದೆ ಎಂದು ಅವರು ಎಣಿಸಿದ್ದರು.

ಅವರ ಕಣ್ಣೆದುರು ಇದ್ದ ಮುಖ್ಯ ಉದಾಹರಣೆ ವಿಮಾನದ ಟಿಕೆಟ್. ಅಮೆರಿಕನ್ ಏರ್‌ಲೈನ್ಸ್ ಐಬಿಎಂ ಜೊತೆ ಸೇರಿ ಕಟ್ಟಿದ್ದ ಸೇಬರ್ ಎಂಬ ಕಾದಿರಿಸುವ ವ್ಯವಸ್ಥೆ 1976ರಿಂದ ಟ್ರಾವೆಲ್ ಏಜೆಂಟರ ಮೇಜಿಗೆ ಬಂತು. ಯುನೈಟೆಡ್ ಏರ್‌ಲೈನ್ಸ್‌ನ ಅಪೊಲೊ ಕೂಡ ಆಗಲೇ ಬಂತು. ಪರದೆಯ ಮೇಲೆ ಎಲ್ಲ ಕಂಪನಿಗಳ ವಿಮಾನಗಳೂ ಕಾಣುತ್ತಿದ್ದವು, ಆದರೆ ಮೇಲಿನ ಸಾಲುಗಳಲ್ಲಿ ವ್ಯವಸ್ಥೆಯ ಒಡೆಯನ ವಿಮಾನಗಳೇ. ಕೌಂಟರಿನ ಮುಂದೆ ಗಿರಾಕಿ ನಿಂತಿರುವಾಗ ಮೂರನೆಯ ಪರದೆವರೆಗೆ ಹೋಗಿ ಹುಡುಕುವ ವ್ಯವಧಾನ ಯಾವ ಏಜೆಂಟನಿಗೆ ಇರುತ್ತದೆ? ಬಹುಪಾಲು ಟಿಕೆಟುಗಳು ಮೊದಲ ಪರದೆಯಿಂದಲೇ ಮಾರಾಟವಾದವು. ಸಣ್ಣ ವಿಮಾನ ಕಂಪನಿಗಳು ದೂರಿದವು. 1984ರಲ್ಲಿ ಅಮೆರಿಕ ಸರ್ಕಾರ ನಿಯಮ ತಂದು ಪರದೆಯ ಮೇಲಿನ ಪಕ್ಷಪಾತವನ್ನು ನಿಷೇಧಿಸಿತು. ಮೂವರು ವಿದ್ವಾಂಸರ ಭರವಸೆಗೆ ಆಧಾರ ಇದೇ. ಪೇಟೆ ತಾನಾಗಿ ನೆಟ್ಟಗಾಗಿರಲಿಲ್ಲ, ತೀರ್ಪುಗಾರನೊಬ್ಬ ಎದ್ದು ನಿಂತು ನೆಟ್ಟಗೆ ಮಾಡಿದ್ದ. ಆಮೇಲೆ ಅವರ ಭವಿಷ್ಯವಾಣಿಯನ್ನು ಎತ್ತಿ ಆಡಿದವರು ಮೊದಲರ್ಧವನ್ನು ಬಾಯಿಪಾಠ ಮಾಡಿಕೊಂಡು ಈ ಉತ್ತರಾರ್ಧವನ್ನು ಕೈಬಿಟ್ಟರು.

1995ರ ಹೊತ್ತಿಗೆ ಆ ಮೊದಲರ್ಧ ಮಂತ್ರವೇ ಆಯಿತು. ಜಾಲದ ಮೇಲೆ ಕೊಳ್ಳುವವನೂ ಮಾರುವವನೂ ನೇರ ಮುಖಾಮುಖಿಯಾಗುತ್ತಾರೆ, ದಲ್ಲಾಳಿ ಮಾಯವಾಗುತ್ತಾನೆ, ತಿಕ್ಕಾಟವೇ ಇಲ್ಲದ ಬಂಡವಾಳಶಾಹಿ ಬರುತ್ತದೆ ಎಂದು ಬಿಲ್ ಗೇಟ್ಸ್ ತಮ್ಮ ‘ದಿ ರೋಡ್ ಅಹೆಡ್’ ಪುಸ್ತಕದಲ್ಲಿ ಬರೆದರು. ಮೂರೇ ವರ್ಷದಲ್ಲಿ ಅವರ ಕಂಪನಿಯ ಮೇಲೆಯೇ ಅಮೆರಿಕ ಸರ್ಕಾರ ಏಕಸ್ವಾಮ್ಯದ ಮೊಕದ್ದಮೆ ಹೂಡಿತು ಎಂಬುದು ಬೇರೆ ಮಾತು. ನಮ್ಮಲ್ಲಿ ಅದೇ 1995ರ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆಯಾದ ವಿಎಸ್‌ಎನ್‌ಎಲ್ ಇಂಟರ್ನೆಟ್ ಸೇವೆ ಆರಂಭಿಸಿತು. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದಾಗ ಪರವಾನಗಿಗೆ ಜನ ಮುಗಿಬಿದ್ದರು. ಊರಿಗೊಬ್ಬ ಇಂಟರ್ನೆಟ್ ಒದಗಿಸುವವ, ಬೀದಿಗೊಂದು ಸೈಬರ್ ಕೆಫೆ, ಕನ್ನಡದಲ್ಲಿ ನೂರು ಪೋರ್ಟಲ್ ಎಂದು ಕನಸು ಕಂಡ ಕಾಲ ಅದು. ಹೊಸದಾಗಿ ಬಂದಿದ್ದ ‘ಬರಹ’ ತಂತ್ರಾಂಶ ಆ ಕನಸಿಗೆ ಅಕ್ಷರ ಕೊಟ್ಟಿತು. ಇಂದು ಮೊಬೈಲ್ ಇಂಟರ್ನೆಟ್ಟಿಗೆ ಜಿಯೊ, ಏರ್‌ಟೆಲ್, ಏದುಸಿರು ಬಿಡುತ್ತಿರುವ ವೊಡಾಫೋನ್ ಐಡಿಯಾ, ಬಾಕಿ ಬಿಎಸ್‌ಎನ್‌ಎಲ್. ಹುಡುಕಾಟಕ್ಕೆ ಗೂಗಲ್ ಒಂದೇ. ಮಾತುಕತೆಗೆ ವಾಟ್ಸ್‌ಆ್ಯಪ್ ಒಂದೇ. ದಲ್ಲಾಳಿ ಎಲ್ಲಿಗೂ ಹೋಗಿಲ್ಲ, ಮೊದಲು ತಾಲೂಕಿಗೆ ಹತ್ತು ಜನ ಇದ್ದವನು ಈಗ ದೇಶಕ್ಕೆ ಇಬ್ಬರಾಗಿದ್ದಾನೆ.

ಸೇಬರ್ ಅಲ್ಲಿ ಪರದೆ ವಾಲಿಸುತ್ತಿದ್ದ ಕಾಲಕ್ಕೇ ನಮ್ಮಲ್ಲಿ ಏನು ನಡೆದಿತ್ತು ಎಂಬುದನ್ನು ಕುಷಾಯಿಗೂಡದ ಸುತ್ತಲಿನವರು ಮರೆಯಬಾರದು. 1978ರಲ್ಲಿ ಐಬಿಎಂ ದೇಶ ಬಿಟ್ಟಾಗ ಅದರ ಯಂತ್ರಗಳ ನಿಗಾ ಹೊತ್ತದ್ದು ಸಿಎಂಸಿ ಎಂಬ ಸರ್ಕಾರಿ ಸಂಸ್ಥೆ. ಅದೇ ಸಿಎಂಸಿ 1985-86ರಲ್ಲಿ ದೆಹಲಿಯಲ್ಲಿ ರೈಲು ಸೀಟು ಕಾದಿರಿಸುವುದನ್ನು ಕಂಪ್ಯೂಟರಿಗೆ ಹಾಕಿತು. ರೈಲ್ವೆಯದೇ ಸಂಸ್ಥೆಯಾದ ಕ್ರಿಸ್ ಇಡೀ ದೇಶದ ಸೀಟು ಕಾದಿರಿಸುವ ಕೇಂದ್ರಗಳನ್ನು ಬೆಸೆಯಬಲ್ಲ ಕಾನ್ಸರ್ಟ್ ವ್ಯವಸ್ಥೆ ಕಟ್ಟಿ 1994ರಲ್ಲಿ ಮೊದಲು ಜಾರಿಗೆ ತಂದದ್ದು ಕುಷಾಯಿಗೂಡಕ್ಕೆ ಹತ್ತಿರದ ಸಿಕಂದರಾಬಾದಿನಲ್ಲಿ. ಕಂಪ್ಯೂಟರ್ ಬರುವವರೆಗೆ ಲೆಡ್ಜರಿನ ಹಾಳೆ ಕೈಯಲ್ಲಿದ್ದ ಗುಮಾಸ್ತನೇ ದೇವರು. ಆಮೇಲೆ ಯಾವ ಕೌಂಟರಿನಿಂದಲೂ ಯಾವ ರೈಲಿನ ಟಿಕೆಟಾದರೂ ಸಿಕ್ಕಿತು. ರೈಲ್ವೆಗೆ ಎದುರಾಳಿಯೇ ಇಲ್ಲ, ಆದ್ದರಿಂದ ಪಕ್ಷಪಾತಕ್ಕೆ ಆಸ್ಪದವೂ ಇಲ್ಲ ಎನ್ನಬಹುದು. ನಿಜ. ತತ್ಕಾಲ್ ಟಿಕೆಟಿನ ದಲ್ಲಾಳಿಗಳು ಹೊಸ ಸಾಫ್ಟ್‌ವೇರ್ ಹಿಡಿದು ಮರಳಿ ಬಂದದ್ದೂ ನಿಜ. ಆದರೂ ಕೋಟ್ಯಂತರ ಜನರ ಮಾಹಿತಿ ವ್ಯವಸ್ಥೆಯೊಂದನ್ನು ಸರ್ಕಾರಿ ಎಂಜಿನಿಯರುಗಳು ಕಟ್ಟಬಲ್ಲರು, ನಡೆಸಬಲ್ಲರು ಎಂದು ಆಗ ಸಾಬೀತಾಯಿತು. ಆ ಸಾಮರ್ಥ್ಯವನ್ನು ನಾವು ಏನು ಮಾಡಿದೆವು? ಸಿಎಂಸಿಯನ್ನು 2001ರಲ್ಲಿ ಟಾಟಾ ಸಮೂಹಕ್ಕೆ ಮಾರಿದೆವು. ಮಾರಿದ್ದಕ್ಕೆ ಕಾರಣಗಳಿದ್ದಿರಬಹುದು. ಸರ್ಕಾರದ ಪರವಾಗಿ ತಂತ್ರಜ್ಞಾನವನ್ನು ಅಳೆದು ನೋಡಬಲ್ಲ ಕಣ್ಣನ್ನು ಬೇರೆಲ್ಲೂ ಬೆಳೆಸದೆ ಮಾರಿದ್ದಕ್ಕೆ ಯಾವ ಕಾರಣವೂ ಇಲ್ಲ.

ಆ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಾರತೀಯ ಸ್ಪರ್ಧಾ ಆಯೋಗದ ಕಡತಗಳೇ ಸಾಕ್ಷಿ. ಮದುವೆ ಸಂಬಂಧ ಹುಡುಕಿಕೊಡುವ ಭಾರತ್ ಮ್ಯಾಟ್ರಿಮೊನಿಯ ಒಡೆಯರೂ ಜೈಪುರದ ಗ್ರಾಹಕ ಸಂಸ್ಥೆ ಕಟ್ಸ್ ಕೂಡ ಗೂಗಲ್ ತನ್ನ ಹುಡುಕಾಟದ ಪರದೆಯನ್ನು ವಾಲಿಸುತ್ತಿದೆ ಎಂದು ದೂರಿದ್ದವು. 2012ರಲ್ಲಿ ಶುರುವಾದ ಪ್ರಕರಣಕ್ಕೆ ತೀರ್ಪು ಬಂದದ್ದು 2018ರ ಫೆಬ್ರವರಿಯಲ್ಲಿ, ದಂಡ 135.86 ಕೋಟಿ ರೂಪಾಯಿ. ಆಯೋಗ ತಪ್ಪೆಂದು ಎತ್ತಿ ತೋರಿಸಿದ ಒಂದು ಸಂಗತಿ ಯಾವುದು ಗೊತ್ತೇ? ವಿಮಾನ! ಯಾರಾದರೂ ವಿಮಾನದ ಟಿಕೆಟ್ ಹುಡುಕಿದರೆ ಗೂಗಲ್ ತನ್ನದೇ ವಿಮಾನ ಹುಡುಕಾಟದ ಪೆಟ್ಟಿಗೆಯನ್ನು ಪುಟದ ಎದ್ದು ಕಾಣುವ ಜಾಗದಲ್ಲಿ ಇಡುತ್ತಿತ್ತು. ಅಮೆರಿಕ 1984ರಲ್ಲಿ ಸೇಬರ್ ಪರದೆಯ ಮೇಲೆ ನಿಷೇಧಿಸಿದ ಅದೇ ಚಾಳಿ, 34 ವರ್ಷಗಳ ನಂತರ, ಅದೇ ವಿಮಾನಗಳ ಹೆಸರಿನಲ್ಲಿ. ಆರು ವರ್ಷ ಎಂದರೆ ಎಲೆಕ್ಟ್ರಾನಿಕ್ ಪೇಟೆಯಲ್ಲಿ ಒಂದು ಯುಗ. ತೀರ್ಪು ಬರುವಷ್ಟರಲ್ಲಿ ದೂರುದಾರನ ಅಂಗಡಿಯೇ ಮುಚ್ಚಿಹೋಗಿರಬಹುದು.

2022ರ ಅಕ್ಟೋಬರಿನಲ್ಲಿ ಆಯೋಗ ಒಂದೇ ವಾರದಲ್ಲಿ ಗೂಗಲ್‌ಗೆ ಎರಡು ಪೆಟ್ಟು ಕೊಟ್ಟಿತು. ಆಂಡ್ರಾಯ್ಡ್ ಪ್ರಕರಣದಲ್ಲಿ 1,337.76 ಕೋಟಿ, ಪ್ಲೇ ಸ್ಟೋರ್ ಪ್ರಕರಣದಲ್ಲಿ 936.44 ಕೋಟಿ. ಎದೆಗಾರಿಕೆಯ ಆದೇಶಗಳು. ಆಮೇಲೇನಾಯಿತು? ಅದೇ ತಿಂಗಳು ಆಯೋಗದ ಅಧ್ಯಕ್ಷರು ನಿವೃತ್ತರಾದರು. ಪೂರ್ಣಾವಧಿ ಅಧ್ಯಕ್ಷರು ಬಂದು ಕುಳಿತದ್ದು 2023ರ ಮೇ ತಿಂಗಳಲ್ಲಿ. ನಡುವೆ ಆಯೋಗಕ್ಕೆ ಕೋರಂ ಕೂಡ ಇರಲಿಲ್ಲ. ಅನಿವಾರ್ಯತೆಯ ತತ್ವ ಎಂಬ ಕಾನೂನಿನ ಊರುಗೋಲು ಹಿಡಿದು ಕೆಲಸ ಸಾಗಿಸಬೇಕಾಯಿತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳ ಎದುರು ನಿಲ್ಲಬೇಕಾದ ತೀರ್ಪುಗಾರನ ಕುರ್ಚಿಯನ್ನು ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿದ್ದೂ ಏಳು ತಿಂಗಳು ಖಾಲಿ ಬಿಡುವುದನ್ನು ಮರೆವು ಎನ್ನಲಾಗದು. ಪ್ಲೇ ಸ್ಟೋರ್ ದಂಡವನ್ನು 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ 216.69 ಕೋಟಿಗೆ ಇಳಿಸಿತು. ಅದಕ್ಕೂ ಮೊದಲೇ, 2024ರ ಮಾರ್ಚ್ 1ರಂದು, ಶುಲ್ಕದ ತಕರಾರಿನಲ್ಲಿ ಗೂಗಲ್ ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಮುಂತಾದ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ಕಿತ್ತುಹಾಕಿತ್ತು. ಕೇಂದ್ರ ಸಚಿವರು ಮಧ್ಯೆ ಬಂದ ಮೇಲೆ ಅವು ಮರಳಿದವು. ದೇಶದ ಹೆಸರಾಂತ ಕಂಪನಿಗಳೇ ತಮ್ಮ ಅಂಗಡಿಯ ಬಾಗಿಲು ತೆರೆಸಲು ಸಚಿವರ ಮೊರೆ ಹೋಗಬೇಕಾದರೆ ದಾವಣಗೆರೆಯ ಇಬ್ಬರು ಎಂಜಿನಿಯರುಗಳು ಕಟ್ಟಿದ ಆ್ಯಪ್ ಯಾರ ಬಾಗಿಲಿಗೆ ಹೋಗಬೇಕು?

ಕನ್ನಡ ಪತ್ರಿಕೆಗಳ ಪಾಡೂ ಇದರಲ್ಲೇ ಸೇರಿದೆ. ಸುದ್ದಿಯಿಂದ ಬರುವ ಜಾಹೀರಾತಿನ ಹಣವನ್ನು ಗೂಗಲ್ ಹೇಗೆ ಹಂಚುತ್ತದೆ ಎಂಬುದೇ ತಮಗೆ ತಿಳಿಯದು ಎಂದು ಸುದ್ದಿ ಪ್ರಕಾಶಕರ ಸಂಘ ದೂರಿದ ಮೇಲೆ 2022ರ ಜನವರಿಯಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ತನ್ನ ಸರಕಿನ ಧಾರಣೆ ತನಗೇ ಗೊತ್ತಿಲ್ಲದೆ ಮಾರುವವನು ಇರುವ ಪೇಟೆಯನ್ನು ಮಾಹಿತಿಯ ಪೇಟೆ ಎಂದು ಕರೆಯುತ್ತಿದ್ದೇವೆ.

ಹಾಗಾದರೆ ಆ ಹಳೆಯ ಭವಿಷ್ಯವಾಣಿ ಪೂರಾ ಸುಳ್ಳೇ? ಅಲ್ಲ. ಅದು ನಿಜವಾದ ಕಡೆಗಳಲ್ಲಿ ಒಂದು ಕರ್ನಾಟಕ. ನಮ್ಮ ಎಪಿಎಂಸಿಗಳಲ್ಲಿ ವರ್ತಕರು ಚೀಟಿ ಬರೆದು ಟೆಂಡರ್ ಹಾಕುತ್ತಿದ್ದ ಪದ್ಧತಿಯ ಜಾಗದಲ್ಲಿ ರಾಜ್ಯ ಸರ್ಕಾರ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ಇದಕ್ಕಾಗಿ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಬಳಗದ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿಯನ್ನೇ ಕಟ್ಟಿತು. ನೂರೈವತ್ತಕ್ಕೂ ಹೆಚ್ಚು ಮಾರುಕಟ್ಟೆಗಳು ಒಂದೇ ಜಾಲಕ್ಕೆ ಬಂದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇದರಿಂದ ಭತ್ತದ ಧಾರಣೆ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತು. ಕೇಳಲು ಸಣ್ಣ ಅಂಕಿ. ಹುಬ್ಬಳ್ಳಿ, ಚಳ್ಳಕೆರೆ, ರಾಯಚೂರಿನ ರೈತನಿಗೆ ಬಾಡಿಗೆ, ಹಮಾಲಿ ಕಳೆದು ಉಳಿಯುವ ಲಾಭದ ಲೆಕ್ಕದಲ್ಲಿ ಅದು ಸಣ್ಣದಲ್ಲ. ಎಲ್ಲ ಬೆಳೆಗೂ ಈ ಲಾಭ ಸಿಗಲಿಲ್ಲ. ಗುಣಮಟ್ಟ ಪರೀಕ್ಷೆಗೆ ಪ್ರಯೋಗಾಲಯಗಳು ಸಾಲದೆ, ಕಣ್ಣಾರೆ ಕಾಳು ನೋಡದ ದೂರದ ವರ್ತಕ ಟೆಂಡರ್ ಹಾಕಲು ಹಿಂಜರಿದ. ಹಾಗಾಗಿ ಬಹಳ ಕಡೆ ಪರದೆ ಹೊಸದಾದರೂ ಅದರ ಮುಂದೆ ಕುಳಿತ ವರ್ತಕರು ಹಳಬರೇ. ಪ್ರಯೋಗಾಲಯ ಕಟ್ಟುವ ಕೆಲಸ ಯಾವ ಸಾಫ್ಟ್‌ವೇರೂ ಮಾಡುವುದಿಲ್ಲ. ಅದು ಸರ್ಕಾರದ ಕೆಲಸ, ಅಲ್ಲೇ ಅದು ಕೈಚೆಲ್ಲಿತು.

ಇನ್ನೊಂದು ಉದಾಹರಣೆ ಬೆಂಗಳೂರಿನದು. 2022ರ ನವೆಂಬರಿನಲ್ಲಿ ಆಟೊ ಚಾಲಕರ ಒಕ್ಕೂಟದ ಬೆಂಬಲದೊಂದಿಗೆ ಬಂದ ‘ನಮ್ಮ ಯಾತ್ರಿ’ ಆ್ಯಪ್ ಪ್ರತಿ ಬಾಡಿಗೆಯಲ್ಲೂ ಪಾಲು ಕೇಳಲಿಲ್ಲ. ಮೊದಲು ಏನನ್ನೂ ಪಡೆಯದೆ, ಆಮೇಲೆ ದಿನಕ್ಕೆ 25 ರೂಪಾಯಿಯಷ್ಟು ಚಂದಾ ಪಡೆದು ನಡೆಯಿತು. ಯಾರು ಬೇಕಾದರೂ ಸೇರಬಹುದಾದ ಮುಕ್ತ ಜಾಲದ ಮೇಲೆ ಅದು ನಿಂತಿತ್ತು. ಕೆಲವೇ ವರ್ಷಗಳಲ್ಲಿ ಓಲಾ, ರ್‍ಯಾಪಿಡೊ, ಕೊನೆಗೆ ಊಬರ್ ಕೂಡ ಆಟೊಗಳಿಗೆ ಚಂದಾ ಪದ್ಧತಿಗೇ ಬಂದವು. ಯಾವ ದಂಡದ ಆದೇಶವೂ ಮಾಡದ ಕೆಲಸವನ್ನು ಒಂದು ತೆರೆದ ಹಾದಿ ಮಾಡಿತು. ಪ್ರಯಾಣಿಕರಿಗೆ ದರ ಇಳಿಯಲಿಲ್ಲವಲ್ಲ ಎಂಬ ಗೊಣಗಾಟ ಇದ್ದೇ ಇದೆ, ಅದರಲ್ಲಿ ಹುರುಳೂ ಇದೆ.

ಆದರೆ ಹಾದಿ ತೆರೆದಿದ್ದರೆ ಸಾಕು, ಕಾಯುವವನು ಬೇಡ ಎಂದುಕೊಂಡರೆ ಯುಪಿಐ ಕಡೆ ನೋಡಿ. ಅದಕ್ಕಿಂತ ತೆರೆದ ಹಾದಿ ಜಗತ್ತಿನಲ್ಲೇ ಅಪರೂಪ. 2025ರ ಆಗಸ್ಟಿನಲ್ಲಿ ಒಂದೇ ತಿಂಗಳಿಗೆ 2,000 ಕೋಟಿ ವ್ಯವಹಾರ ದಾಟಿತು. ಯಾವುದೇ ಒಂದು ಆ್ಯಪ್ ಶೇ 30ಕ್ಕಿಂತ ಹೆಚ್ಚು ಪಾಲು ಹೊಂದಿರಬಾರದೆಂದು ಪಾವತಿ ನಿಗಮ 2020ರ ನವೆಂಬರಿನಲ್ಲೇ ಹೇಳಿತ್ತು. ಅಂದರೆ ಅಪಾಯ ಯಾರಿಗೂ ಗೊತ್ತಿಲ್ಲದ್ದಲ್ಲ, ಕಾಗದದ ಮೇಲೆ ಬರೆದಿಟ್ಟದ್ದು. ಮೊದಲ ಗಡುವು 2022ರ ಕೊನೆ. ಅದನ್ನು 2024ರ ಕೊನೆಗೆ ಮುಂದೂಡಿದರು. 2024ರ ಕೊನೆಯ ದಿನ ಮತ್ತೆ 2026ರ ಡಿಸೆಂಬರ್ 31ಕ್ಕೆ ಮುಂದೂಡಿದರು. ಹೊಟ್ಟೆ ದೊಡ್ಡದಾಗಿದೆ, ಈಗ ಬೆಲ್ಟ್ ಹಾಕಿದರೆ ನೋಯುತ್ತದೆ ಎಂಬುದೇ ಪ್ರತಿ ಸಲದ ಸಮಜಾಯಿಷಿ. ಕಾದಷ್ಟೂ ಹೊಟ್ಟೆ ಬೆಳೆಯುತ್ತದೆ. ಆ ಎರಡು ದೊಡ್ಡ ಆ್ಯಪ್‌ಗಳಲ್ಲಿ ಒಂದು ಅರ್ಧ ದಿನ ಕೆಟ್ಟು ನಿಂತರೆ ದೇಶದ ಚಿಲ್ಲರೆ ವ್ಯಾಪಾರ ಏನಾಗಬಹುದೆಂದು ಚಹಾ ಅಂಗಡಿಯವನಿಗೆ ಗೊತ್ತಿದೆ.

ಮೊಬೈಲ್ ಕ್ಷೇತ್ರದಲ್ಲೂ ಕತೆ ಇದೇ. ಜಿಯೊ 2016ರ ಸೆಪ್ಟೆಂಬರಿನಲ್ಲಿ 4ಜಿ ಹಿಡಿದು ಬಂತು. ಬಿಎಸ್‌ಎನ್‌ಎಲ್‌ಗೆ 4ಜಿ ತರಂಗಾಂತರ ಕೊಡುವ ತೀರ್ಮಾನವನ್ನು ಸರ್ಕಾರ ತೆಗೆದುಕೊಂಡದ್ದು 2019ರಲ್ಲಿ. ದೇಶೀ ತಂತ್ರಜ್ಞಾನದ ಅದರ 4ಜಿ ಜಾಲ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಆ ಉಪಕರಣ ಮಾಡಿದವರಲ್ಲಿ ಬೆಂಗಳೂರಿನ ತೇಜಸ್ ಕಂಪನಿ ಕೂಡ ಒಂದು. ಅಂದರೆ ಕೈಗಳು ಇದ್ದವು, ಕೆಲಸ ಕೊಡುವ ಮನಸ್ಸು ತಡವಾಯಿತು. ಓಟಗಾರನನ್ನು ಒಂಬತ್ತು ವರ್ಷ ತಡವಾಗಿ ಬಿಟ್ಟು, ಸರ್ಕಾರಿ ಸಂಸ್ಥೆಗಳಿಂದ ಆಗುವ ಕೆಲಸವಲ್ಲ ಎಂದು ತಲೆಯಾಡಿಸುವ ಪಂಡಿತರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಹಳೆಯ ಸರ್ಕಾರಿ ಏಕಸ್ವಾಮ್ಯವನ್ನು ಮರಳಿ ತನ್ನಿ ಎಂದು ಈ ಪತ್ರಿಕೆ ಕೇಳುತ್ತಿಲ್ಲ. ದೂರವಾಣಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಇನ್ನೂ ಬದುಕಿದ್ದಾರೆ. ಇಸಿಐಎಲ್ ಕಂಪ್ಯೂಟರುಗಳೂ ದುಬಾರಿ ಎಂಬ ದೂರಿನಿಂದ ಪಾರಾಗಿರಲಿಲ್ಲ; ಆಮದಿನ ಬೇಲಿಯ ನೆರಳಿನಲ್ಲಿ ಬೆಳೆದ ಗಿಡ ಅದು. 1984ರ ಕಂಪ್ಯೂಟರ್ ನೀತಿಯ ನಂತರ ಪೈಪೋಟಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಆ ಬೇಲಿ ತೆಗೆದ ಕೈಯೇ ಹೊಲ ಕಾಯುವವನನ್ನೂ ಮನೆಗೆ ಕಳಿಸಿತು. ಹೊಸಬರು ಬಂದು ದೊಡ್ಡವರನ್ನು ಉರುಳಿಸುತ್ತಾರೆ, ಯಾಹೂ ಹೋಗಲಿಲ್ಲವೇ, ಆರ್ಕುಟ್ ಹೋಗಲಿಲ್ಲವೇ ಎಂದು ವಾದಿಸುವವರಿದ್ದಾರೆ. ಹೋದವು, ನಿಜ. ಆಗ ಫೋನು, ಅದರ ಅಂಗಡಿ, ಅದರೊಳಗಿನ ಹುಡುಕಾಟ, ಜಾಹೀರಾತು, ಪಾವತಿ ಐದೂ ಒಬ್ಬನ ಕೈಯಲ್ಲಿರಲಿಲ್ಲ.

ತೀರ್ಪುಗಾರ ಬೇಕೆಂದಾಗ ನಾವು ಮಾಡಿ ತೋರಿಸಿದ್ದೂ ಇದೆ. ಫೇಸ್‌ಬುಕ್ ಬಡವರಿಗೆ ಆಯ್ದ ತಾಣಗಳನ್ನಷ್ಟೇ ಪುಕ್ಕಟೆ ಕೊಡುತ್ತೇನೆಂದು ಬಂದಾಗ, ಲಕ್ಷಾಂತರ ಜನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದರು. 2016ರ ಫೆಬ್ರವರಿಯಲ್ಲಿ ಟ್ರಾಯ್ ಬೇರೆಬೇರೆ ತಾಣಕ್ಕೆ ಬೇರೆಬೇರೆ ದರ ಹಾಕುವುದನ್ನೇ ನಿಷೇಧಿಸಿತು. ಪೈಪೋಟಿ ಸತ್ತ ಮೇಲೆ ಶವಪರೀಕ್ಷೆ ಮಾಡದೆ, ಸಾಯುವ ಮುನ್ನ ಕೈ ಹಾಕಿದ ನಿಯಮ ಅದು. ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಸಾರ್ವಜನಿಕರ ಮುಂದಿಟ್ಟ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲೂ ಅದೇ ತತ್ವವಿತ್ತು. ಭಾರಿ ಕಂಪನಿಗಳು ತಮ್ಮ ಸರಕನ್ನು ತಾವೇ ಮುಂದಿಡುವುದನ್ನು, ಒಂದರ ಜೊತೆ ಇನ್ನೊಂದನ್ನು ಕಟ್ಟಿ ಮಾರುವುದನ್ನು ಮೊದಲೇ ತಡೆಯುವುದು ಅದರ ಉದ್ದೇಶ. ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯೂ 2022ರ ಡಿಸೆಂಬರಿನಲ್ಲೇ ಇದನ್ನು ಕೇಳಿತ್ತು. ಕರಡು ಕಾನೂನಾಗಲಿಲ್ಲ. ಇನ್ನಷ್ಟು ಅಧ್ಯಯನ ಬೇಕಂತೆ!

ಮಿತಿಯನ್ನು ಎಲ್ಲಿಡಬೇಕು, ಭಾರತದ ಹೊಸ ಕಂಪನಿಗಳಿಗೆ ಅದರಿಂದ ಪೆಟ್ಟಾಗದಂತೆ ಹೇಗೆ ಎಂಬ ಪ್ರಶ್ನೆಗಳು ನ್ಯಾಯವೇ. ಅವನ್ನು ಸಂಸತ್ತಿನಲ್ಲಿ ಚರ್ಚಿಸಿ, ಕಪಾಟಿನಲ್ಲಿಟ್ಟಲ್ಲ. ಸ್ಪರ್ಧಾ ಆಯೋಗದ ಕುರ್ಚಿಗಳನ್ನು ನಿವೃತ್ತಿಗೆ ಮೊದಲೇ ತುಂಬಿ, ಕೋಡ್ ಓದಬಲ್ಲವರನ್ನು ಅದರೊಳಗೆ ಕೂರಿಸಿ. ರಾಜ್ಯ ಸರ್ಕಾರ ಎಪಿಎಂಸಿಗಳಿಗೆ ಬಾಕಿ ಉಳಿಸಿರುವ ಪ್ರಯೋಗಾಲಯಗಳನ್ನು ಕಟ್ಟಲಿ. ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರಾದರೂ ಎದ್ದು ಡಿಜಿಟಲ್ ಸ್ಪರ್ಧಾ ಮಸೂದೆ ಎಲ್ಲಿದೆ ಎಂದು ಕೇಳಲಿ. ಓದುಗರು ತಮ್ಮ ಸದಸ್ಯರಿಗೆ ಒಂದು ಪತ್ರ ಬರೆದು ಅದನ್ನೇ ಕೇಳಬಹುದು. ಪಾವತಿ ನಿಗಮ 2026ರ ಡಿಸೆಂಬರ್ 31ರ ಗಡುವನ್ನು ಮೂರನೆಯ ಬಾರಿ ಮುಂದೂಡಬಾರದು.